ಸಹಿಯಿಲ್ಲದ ಡಬಲ್

ಜನವರಿ 11

ಲಿಫ್ಟಿನವರಿಗೆ,

ಸಂಜೆ ಆರೂವರೆ. ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಇವತ್ತು ರಜೆ. ಬೆಳಿಗ್ಗೆ ಬಟ್ಟೆ ಒಗೆದು ಹರವಿದೆ. ಮಧ್ಯಾಹ್ನ ನಮ್ಮವರ ಮೇಜಿನ ಡ್ರಾಯರ್ ಖಾಲಿ ಮಾಡಿದೆ. ಎಂಟು ತಿಂಗಳಿಂದ ಮುಂದೂಡಿಕೊಂಡು ಬಂದ ಕೆಲಸ. ಹನ್ನೊಂದು ಕನ್ನಡಕದ ಕಡ್ಡಿ, ಒಂದು ಡಬ್ಬಿ ತುಂಬ ಸಾಸಿವೆಯಷ್ಟು ಸಣ್ಣ ಸ್ಕ್ರೂ, ಮಸೂರ ಒರೆಸುವ ಬಟ್ಟೆಗಳು, ಎಲ್ಲಕ್ಕಿಂತ ಕೆಳಗೆ ನೀಲಿ ರಟ್ಟಿನ ಒಂದು ನೋಟ್‌ಬುಕ್.

ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ಮದುವೆಯಾದ ವರ್ಷದಿಂದ ದಿನಚರಿ ಬರೆಯುತ್ತೇನೆ. ಅದರಲ್ಲಿ ಮೊದಲು ಗಂಟೆ, ಆಮೇಲೆ ಆ ದಿನ ಆದದ್ದು. ಇದೂ ಹಾಗೇ ಶುರುವಾಗಿಬಿಟ್ಟಿದೆ, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ.

ನೋಟ್‌ಬುಕ್ ನಿಮ್ಮಿಬ್ಬರ ಬ್ರಿಜ್ ಇಸ್ಪೀಟಾಟದ್ದು. ಪುಟಪುಟದಲ್ಲೂ ಅವರ ಅಕ್ಷರ, ಆಟದಲ್ಲಿ ಯಾವ ಮಾತಿಗೆ ಏನರ್ಥ ಎಂಬ ಒಪ್ಪಂದಗಳು, ಪ್ರತಿಯೊಂದರ ಕೆಳಗೂ ನಿಮ್ಮ ಸಹಿ. ಇಪ್ಪತ್ತೆರಡು ವರ್ಷ, ಶನಿವಾರ ಶನಿವಾರ, ಎದುರುಬದುರು ಕೂತು ಜೋಡಿಯಾಗಿ ಆಡಿದಿರಿ. ಅವರು ಮನೆಗೆ ಬಂದು ಆಟವನ್ನೆಲ್ಲ ಇನ್ನೊಮ್ಮೆ ನನ್ನ ಮುಂದೆ ಆಡುತ್ತಿದ್ದರು. ನಾನು ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಾ ಹೂಂ ಅನ್ನುತ್ತಿದ್ದೆ. ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ಈಗ ಹೋಗಲಿ ಅನ್ನಿಸುತ್ತಿದೆ. ಆ ಮಾತುಗಳಲ್ಲೆಲ್ಲ ನನ್ನ ಕಿವಿಗೆ ಹೆಚ್ಚು ಬಿದ್ದದ್ದು ‘ಡಬಲ್’. ನೋಟ್‌ಬುಕ್ಕಿನಲ್ಲೂ ಅರ್ಧ ಪುಟಗಳು ಅದರ ಮೇಲೇ ಇವೆ. ಡಬಲ್ ಅಂದರೆ ಏನು?

ನೀವಿಬ್ಬರೂ ಮಾತು ಬಿಟ್ಟದ್ದು ಯಾಕೆಂದು ಕೇಳುತ್ತಿಲ್ಲ. ಮೇ ತಿಂಗಳಲ್ಲಿ, ಅವರು ತೀರಿಕೊಂಡು, ಅವರನ್ನು ಹೊತ್ತೊಯ್ದ ದಿನ, ನೀವು ನಮ್ಮ ಮೆಟ್ಟಿಲ ಬುಡದಲ್ಲಿ ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದನ್ನು ನೋಡಿದೆ. ಅದನ್ನು ದಿನಚರಿಯಲ್ಲಿ ಬರೆದಿದ್ದೇನೆ. ಅಷ್ಟೇ.

ಇಂತಿ,
ಕನ್ನಡಕದ ಅಂಗಡಿಯವರ ಮನೆಯವಳು

*

ಜನವರಿ 19

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ಬೇಡ ಎಂದುಕೊಂಡಿದ್ದೆ. ನಾನು ಎಲೆ ಮುಟ್ಟಿ ಎರಡು ವರ್ಷ ದಾಟಿದೆ. ಈಗ ಲಿಫ್ಟ್ ರಿಪೇರಿಯ ಕೆಲಸವನ್ನೂ ಬಿಟ್ಟು ತಂಗಿಯ ಮನೆಯಲ್ಲಿದ್ದೇನೆ. ಅವಳ ಗಿಡಗಳಿಗೆ ನೀರು ಹಾಕುತ್ತೇನೆ, ಬೈಸಿಕೊಳ್ಳುತ್ತೇನೆ. ಆದರೆ ಕನ್ನಡಕನ ಹೆಂಡತಿ ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?

ಆಟದಲ್ಲಿ ಎಲೆ ಇಳಿಸುವ ಮೊದಲು ಹರಾಜು ಇದೆ. ಇಸ್ಪೀಟ್, ಆಟಿನ್, ಡೈಮನ್, ಕಳಾವರ್ ಎಂದು ನಾಲ್ಕು ಬಣ್ಣ, ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಪಟ್ಟು, ಅದು ದೊಡ್ಡ ಎಲೆಯವರಿಗೆ. ‘ಎರಡು ಆಟಿನ್’ ಎಂದು ಕೂಗಿದವರು ಆಟಿನ್ನನ್ನು ತುರುಫು, ಅಂದರೆ ಮಿಕ್ಕೆಲ್ಲ ಬಣ್ಣಗಳನ್ನು ಸೋಲಿಸುವ ಬಣ್ಣ, ಮಾಡಿಕೊಂಡು ಆರರ ಮೇಲೆ ಎರಡು, ಹದಿಮೂರರಲ್ಲಿ ಎಂಟು ಪಟ್ಟು ಗೆಲ್ಲಬೇಕು. ಎದುರು ಕೂತ ಜೊತೆಗಾರನಿಗೆ ನಿಮ್ಮ ಎಲೆ ಕಾಣುವುದಿಲ್ಲ. ಬಾಯಲ್ಲಿ ಹೇಳುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ಕೂಗಿನಲ್ಲೇ ಎಲ್ಲ ತಿಳಿಸಬೇಕು.

ಎದುರಾಳಿ ಕೂಗಿದ ಮೇಲೆ ‘ಡಬಲ್’ ಎನ್ನಬಹುದು. ಅಲ್ಲಿಗೇ ಹರಾಜು ನಿಂತರೆ ಅವರು ಗೆದ್ದರೂ ಸೋತರೂ ಲೆಕ್ಕ ಇಮ್ಮಡಿ. ಅದರಲ್ಲಿ ಎರಡು ಬಗೆ. ನಾವು ನಮ್ಮ ಪುಸ್ತಕದಲ್ಲಿ ಒಂದಕ್ಕೆ ‘ಹೊಡಿ’, ಇನ್ನೊಂದಕ್ಕೆ ‘ಆರಿಸು’ ಎಂದು ಬರೆದುಕೊಂಡಿದ್ದೆವು. ಹೊಡಿ ಅಂದರೆ, ಇವರು ಕೂಗಿದಷ್ಟು ಪಟ್ಟು ಇವರಿಗೆ ದಕ್ಕುವುದಿಲ್ಲ, ನೀನು ಸುಮ್ಮನಿರು, ಇಲ್ಲೇ ಹಿಡಿದು ದಂಡ ಹಾಕೋಣ. ಆರಿಸು ಅಂದರೆ, ನನ್ನ ಕೈಯಲ್ಲಿ ಬಲವಿದೆ, ಅವರ ಬಣ್ಣ ಮಾತ್ರ ಇಲ್ಲ, ಮಿಕ್ಕ ಮೂರರಲ್ಲಿ ನಿನ್ನ ಹತ್ತಿರ ಯಾವುದರ ಎಲೆ ಹೆಚ್ಚೋ ಹೇಳು. ಅವರು ಒಂದು ಆಟಿನ್ ಅಂದಾಗ ನಿಮ್ಮಲ್ಲಿ ಒಂದೇ ಆಟಿನ್ ಇದ್ದು, ಇಸ್ಪೀಟ್ ನಾಲ್ಕು, ಡೈಮನ್ ನಾಲ್ಕು, ಕಳಾವರ್ ನಾಲ್ಕು, ಜೊತೆಗೆ ಎಕ್ಕ ರಾಜ ಒಂದಿಷ್ಟು ಇದ್ದರೆ ಅದು ಆರಿಸು ಡಬಲ್. ದೇವರೇ ಹಂಚಿದ ಎಲೆ.

ಒಂದು ಮಾತು ನೆನಪಿಡಿ. ‘ಆರಿಸು’ ಎಂದು ಕೇಳಿದ ಮೇಲೆ ಜೊತೆಗಾರ ಸುಮ್ಮನಿರಬಾರದು. ಕೈಯಲ್ಲಿ ಏನೂ ಇಲ್ಲದಿದ್ದರೂ ಉತ್ತರ ಕೊಡಲೇಬೇಕು. ನಿಮ್ಮ ಪತ್ರಕ್ಕೆ ನಾನು ಕೊಡುತ್ತಿರುವುದು ಅಂಥ ಉತ್ತರ.

ಆ ಶನಿವಾರದ ಬಗ್ಗೆ ಕೇಳಬೇಡಿ.

ಇಂತಿ,
ಲಿಫ್ಟು

*

ಫೆಬ್ರವರಿ 2

ಲಿಫ್ಟಿನವರಿಗೆ,

ಬೆಳಿಗ್ಗೆ ಏಳು. ಅಂಗಡಿಗೆ ಹೊರಡಲು ಇನ್ನೂ ಒಂದು ಗಂಟೆ ಇದೆ. ನಿನ್ನೆ ನಾನು ಮೊದಲ ಸಲ ಎಲೆ ಹಿಡಿದೆ.

ಔಷಧಿ ಅಂಗಡಿಯ ಗಂಡ ಹೆಂಡತಿ ನಿಮಗೆ ಗೊತ್ತು. ಕ್ಲಬ್ಬಿನಲ್ಲಿ ನಿಮ್ಮ ಹಳೇ ಎದುರಾಳಿಗಳು. ನಮ್ಮವರು ಅವರನ್ನು ಮಾತ್ರೆಯಪ್ಪ, ಮಾತ್ರೆಯಮ್ಮ ಅನ್ನುತ್ತಿದ್ದರು. ಆಕೆ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವರು ನನ್ನ ಮೇಜಿನ ಮೇಲೆ ನೋಟ್‌ಬುಕ್ ಕಂಡು, “ಅಯ್ಯೋ, ಇದು ನಿಮ್ಮನೇಲಿತ್ತಾ! ಇದನ್ನ ಕದಿಯೋಕೆ ನಮ್ಮನೆಯವ್ರು ಎಷ್ಟು ವರ್ಷ ಹೊಂಚು ಹಾಕಿದ್ರು ಗೊತ್ತಾ?” ಎಂದು ನಕ್ಕು, ಭಾನುವಾರ ಮನೆಗೆ ಕರೆದರು. ನಾನೂ ಮಾತ್ರೆಯಮ್ಮನೂ ಒಂದು ಜೋಡಿ, ಮಾತ್ರೆಯಪ್ಪನೂ ಸೊಸೆಯೂ ಇನ್ನೊಂದು.

ಸೊಸೆ ಒಂದು ಆಟಿನ್ ಎಂದಳು. ನನ್ನ ಕೈಯಲ್ಲಿ ಎಕ್ಕ, ರಾಜ ಸೇರಿ ಐದು ಆಟಿನ್! ಅವಳನ್ನು ಹಿಡಿದೇಬಿಟ್ಟೆ ಎಂದುಕೊಂಡು ಡಬಲ್ ಎಂದೆ. ಮಾತ್ರೆಯಮ್ಮ ಕೈಯಲ್ಲಿ ಏನೂ ಇಲ್ಲದೆ ಪಾಪ ಎರಡು ಕಳಾವರ್ ಎಂದರು, ಮುಳುಗಿದರು. ಆಮೇಲೆ ನನ್ನ ಎಲೆ ನೋಡಿ, “ಏನ್ರೀ ಇದು! ಆಟಿನ್ನೆಲ್ಲ ನೀವೇ ಗುಡ್ಡೆ ಹಾಕ್ಕೊಂಡು ನನ್ನನ್ನ ಯಾಕ್ರೀ ಆರಿಸು ಅಂದ್ರಿ? ಪ್ಯಾಂಟ್ ಗಿಡ್ಡ ಮಾಡಿ ಅಂದ್ರೆ ಗಿರಾಕಿ ಕಾಲನ್ನೇ ಕತ್ತರಿಸ್ತೀರಾ?” ಎಂದರು. ನಾನು ನಕ್ಕೆ. ಎಷ್ಟು ತಿಂಗಳಾಗಿತ್ತೋ. ನನ್ನ ನಗು ನನಗೇ ಬೇರೆಯವರದ್ದು ಅನ್ನಿಸಿತು.

ಹಾಗಾದರೆ ಹೊಡಿ ಯಾವಾಗ, ಆರಿಸು ಯಾವಾಗ? ಬಾಯಲ್ಲಿ ಬರುವುದು ಒಂದೇ ಡಬಲ್. ಎದುರು ಕೂತವರಿಗೆ ತಿಳಿಯುವುದು ಹೇಗೆ?

ಮಾತ್ರೆಯಮ್ಮ ನಿಮ್ಮನ್ನು ಕೇಳಿದರು. ಕ್ಲಬ್ಬಿನ ಲಿಫ್ಟ್ ಕೆಟ್ಟು ಒಂದು ವರ್ಷವಾಯಿತಂತೆ, ನಲವತ್ತೆರಡು ಮೆಟ್ಟಿಲು ಹತ್ತಿ ಅವರ ಮಂಡಿ ಹೋಗಿದೆಯಂತೆ. “ಅವ್ರು ಇದ್ದಿದ್ರೆ ಒಂದು ಸ್ಪ್ಯಾನರ್ ಹಿಡಿದು ಬಯ್ಕೊಂಡು ಬಯ್ಕೊಂಡು ಸರಿ ಮಾಡಿರೋರು” ಎಂದರು. ನೀವು ಕೆಲಸ ಯಾಕೆ ಬಿಟ್ಟಿರಿ? ಶನಿವಾರದ ಬಗ್ಗೆ ನಾನು ಕೇಳುತ್ತಿಲ್ಲ.

ಇಂತಿ,
ಅತ್ತಿಗೆ

*

ಫೆಬ್ರವರಿ 17

ಅತ್ತಿಗೆಗೆ,

ಕೇಳುವುದಿಲ್ಲ ಕೇಳುವುದಿಲ್ಲ ಎಂದು ಎರಡು ಸಲ ಕೇಳಿದಿರಿ.

ಮೊದಲು ಆಟ. ನಿಮ್ಮ ಐದು ಆಟಿನ್ ಹಿಡಿದು ನೀವು ಪಾಸ್ ಎನ್ನಬೇಕಿತ್ತು. ಹಳ್ಳದ ಕಡೆ ತಾನಾಗಿ ನಡೆಯುತ್ತಿರುವವರನ್ನು ಕೂಗಿ ನಿಲ್ಲಿಸಬಾರದು. ಎದುರಾಳಿ ಕೆಳಮಟ್ಟದಲ್ಲಿ ಒಂದು ಬಣ್ಣ ಕೂಗಿ, ನಿಮ್ಮ ಜೊತೆಗಾರ ಇನ್ನೂ ಬಾಯಿ ಬಿಟ್ಟಿಲ್ಲ ಎಂದರೆ ಡಬಲ್ ಯಾವಾಗಲೂ ಆರಿಸು. ಅವರು ತುರುಫೇ ಬೇಡ ಎಂದು ಕೂಗಿದರೆ, ಅಥವಾ ಕೂಗು ನಾಲ್ಕರ ಮೇಲೆ ಏರಿದರೆ, ಹೊಡಿ. ಅಷ್ಟು ಮೇಲೆ ಆರಿಸಲು ಜಾಗವೂ ಇರುವುದಿಲ್ಲ. ಹೊಡೆಯುವ ಮೊದಲು ಪಟ್ಟು ಎಣಿಸಿ. ಸಿಟ್ಟಿನಿಂದ ಡಬಲ್ ಅನ್ನಬೇಡಿ. ಸಿಟ್ಟಿಗೆ ಎಕ್ಕದ ಬೆಲೆ ಇಲ್ಲ.

ತಕರಾರಿರುವುದು ಒಂದೇ ಕಡೆ. ಜೊತೆಗಾರ ಮೊದಲು ಕೂಗಿದ್ದಾನೆ, ಎದುರಾಳಿ ನಡುವೆ ನುಗ್ಗಿದ್ದಾನೆ, ಈಗ ನೀವು ಡಬಲ್ ಅಂದರೆ? ಹಳೆಯ ಕಾಲದವರಿಗೆ ಅದು ಹೊಡಿ. ಈಗಿನವರಿಗೆ ಆರಿಸು. ಎರಡೂ ತಪ್ಪಲ್ಲ. ಇಬ್ಬರೂ ಒಂದನ್ನೇ ಒಪ್ಪಿರಬೇಕು, ಅಷ್ಟೆ. ನಾವು ಇಪ್ಪತ್ತೆರಡು ವರ್ಷ ಹೊಡಿ ಎಂದು ಒಪ್ಪಿದ್ದೆವು.

ಆ ಶನಿವಾರ ವರ್ಷದ ದೊಡ್ಡ ಪಂದ್ಯ, ಕೊನೆಯ ಆಟ. ನಾನು ಒಂದು ಇಸ್ಪೀಟ್ ಎಂದೆ. ಮಾತ್ರೆಯಪ್ಪ ಎರಡು ಆಟಿನ್ ಎಂದು ನುಗ್ಗಿದ. ಕನ್ನಡಕ ಡಬಲ್ ಎಂದ. ನಾನು ಹೊಡಿ ಎಂದು ತಿಳಿದು ಪಾಸ್ ಮಾಡಿದೆ. ಕನ್ನಡಕನ ಕೈಯಲ್ಲಿ ಆಟಿನ್ ಇದ್ದದ್ದು ಒಂದು! ಮಾತ್ರೆಯಪ್ಪ ಸರಿಯಾಗಿ ಎಂಟು ಪಟ್ಟು ಎತ್ತಿದ. ಡಬಲ್ ಮಾಡಿ ನಾವೇ ಅವನಿಗೆ ಪಂದ್ಯ ಕೊಟ್ಟ ಹಾಗಾಯಿತು.

ಕನ್ನಡಕ ಎದ್ದು ನಿಂತ. ಎಲ್ಲರ ಮುಂದೆ. “ಆರಿಸು ಅಂತ ಬದಲಾಯಿಸ್ತೀನಿ ಅಂತ ಗುರುವಾರ ತಾನೇ ಹೇಳಿದ್ನಲ್ಲೋ! ಹೂಂ ಅಂದ್ಯಲ್ಲ! ನಿನ್ನ ತಲೆ ನೆಟ್ಟಗಿದ್ಯಾ?”

ಗುರುವಾರ ಐದು ಗಂಟೆಗೆ ಅವನ ಅಂಗಡಿಯಲ್ಲಿ ಚಹಾ ಕುಡಿಯುವುದು ನಮ್ಮ ರೂಢಿ. ಆ ಗುರುವಾರವೂ ಹೋಗಿದ್ದೆ. ಅವನು ಹೇಳಿದ್ದು ನನಗೆ ಒಂಚೂರೂ ನೆನಪಿರಲಿಲ್ಲ.

ನಮ್ಮ ಅಮ್ಮನಿಗೆ ಮರೆವು ಶುರುವಾದದ್ದು ನನ್ನ ಈಗಿನ ವಯಸ್ಸಿನಲ್ಲೇ. ಮೊದಲು ಮಾತು, ಆಮೇಲೆ ಒಲೆ, ಆಮೇಲೆ ನಾವು. ಅತ್ತಿಗೆ, ನಾನು ಲಿಫ್ಟ್ ರಿಪೇರಿಯವನು. ಬ್ರೇಕ್ ಬಿಗಿದೆನೋ ಇಲ್ಲವೋ ಎಂದು ಮರೆಯುವವನು ಆ ಕೆಲಸ ಮಾಡಬಾರದು. ಸೋಮವಾರ ಬೆಳಿಗ್ಗೆ ಸಾಮಾನಿನ ಪೆಟ್ಟಿಗೆಯನ್ನು ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದವನಿಗೆ ಕೊಟ್ಟು ಬಂದೆ. ಮೂವತ್ತೊಂದು ವರ್ಷದ ಪೆಟ್ಟಿಗೆ. ಅವನು ಯಾಕೆ ಎಂದು ಕೇಳಿದ. ಸೊಂಟ ನೋವು ಎಂದೆ.

ಕನ್ನಡಕನ ಮೇಲೆ ನನಗೆ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಅವನ ಎದುರು ಕೂತರೆ ಇನ್ನೇನು ಮರೆತದ್ದು ಹೊರಗೆ ಬರುತ್ತದೋ ಎಂದು.

ಇಂತಿ,
ಲಿಫ್ಟು

*

ಮಾರ್ಚ್ 20

ಅತ್ತಿಗೆಗೆ,

ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಆರೋಗ್ಯ ತಾನೆ? ನಾನು ಹೆಚ್ಚು ಬರೆದುಬಿಟ್ಟೆನೇನೋ. ಬೇಡವಾದರೆ ಆಟದ ವಿಷಯ ಮಾತ್ರ ಬರೆಯೋಣ. ಅದೂ ಬೇಡವಾದರೆ ಒಂದು ಸಾಲು ಹಾಗೆಂದು ಬರೆಯಿರಿ.

ಅಥವಾ ನೀವು ಬರೆದು, ನಾನು ಓದಿ, ಮರೆತಿದ್ದೇನೆಯೋ? ತಂಗಿಯನ್ನು ಕೇಳಿದೆ. ಬಂದಿಲ್ಲ ಎಂದಳು.

ಲಿಫ್ಟು

*

ಮಾರ್ಚ್ 28

ಲಿಫ್ಟಿನವರಿಗೆ,

ಮಧ್ಯಾಹ್ನ ಎರಡು. ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿ ಬಂದೆ. ಇದನ್ನು ಬರೆಯುವುದೊಂದೇ ಇವತ್ತಿನ ಕೆಲಸ.

ನೀವು ಏನನ್ನೂ ಮರೆತಿಲ್ಲ. ನಾನೇ ಬರೆಯಲಿಲ್ಲ. ನಿಮ್ಮ ಕೊನೆಯ ಸಾಲು ಓದಿದ ಮೇಲೆ ಇನ್ನು ಒಂದು ದಿನವೂ ತಡೆಯುವುದು ಪಾಪ ಅನ್ನಿಸಿತು.

ನಿಮ್ಮ ಫೆಬ್ರವರಿಯ ಪತ್ರ ಬಂದ ಸಂಜೆಯೇ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. ಅಲ್ಲಿ ಅವರ ಅಕ್ಷರದಲ್ಲಿ ಹೀಗಿದೆ: ‘ಜೊತೆಗಾರ ಕೂಗಿ, ಎದುರಾಳಿ ನುಗ್ಗಿದ ಮೇಲೆ ಎರಡರ ಮಟ್ಟದವರೆಗೆ ಡಬಲ್ ಇನ್ನು ಮುಂದೆ ಆರಿಸು.’ ಕೆಳಗೆ ನಿಮ್ಮ ಸಹಿಗೆ ಗೆರೆ ಎಳೆದಿದೆ. ಗೆರೆಯ ಮೇಲೆ ಏನೂ ಇಲ್ಲ. ಪುಸ್ತಕದ ತುಂಬ ನಿಮ್ಮ ಸಹಿ ಇಲ್ಲದ ಒಪ್ಪಂದ ಅದೊಂದೇ.

ಆಮೇಲೆ ನನ್ನ ದಿನಚರಿ ತೆಗೆದು ಆ ಗುರುವಾರ ಹುಡುಕಿದೆ. ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತೇನೆ.

‘ರಾತ್ರಿ ಎಂಟು. ಶಾಲೆಯ ಸಮವಸ್ತ್ರದ ಕೆಲಸ, ಹದಿನಾಲ್ಕು ಪ್ಯಾಂಟು ಮನೆಗೆ ತಂದಿದ್ದೇನೆ. ಇವರು ಏಳಕ್ಕೆ ಬಂದರು. ಲಿಫ್ಟಿನವನನ್ನು ಬಸ್ಸು ಹತ್ತಿಸಿ ನಡೆದುಕೊಂಡು ಬರುವಾಗ ದಾರಿಯಲ್ಲಿ ಏನೋ ಹೊಳೆಯಿತಂತೆ. ಡಬಲ್ ಬದಲಾಯಿಸಬೇಕಂತೆ. ಬಹಳ ಹೊತ್ತು ಹೇಳಿದರು. ಸರೀನಾ ಅಂದರು. ಹೂಂ ಅಂದೆ. ಅವನಿಗೆ ಶನಿವಾರ ಆಟಕ್ಕೆ ಮುಂಚೆ ಹೇಳಿ ಸಹಿ ಹಾಕಿಸಬೇಕು ಅಂದರು. ಹೂಂ ಅಂದೆ.’

ನೀವು ಬಸ್ಸು ಹತ್ತಿದ ಮೇಲೆ ಅವರಿಗೆ ಹೊಳೆದದ್ದು ಅದು. ನಿಮಗೆ ಅವರು ಹೇಳಲೇ ಇಲ್ಲ. ಹೇಳಿದ್ದು ನನಗೆ. ಹೂಂ ಅಂದವಳು ನಾನು. ಎದುರು ಕೂತು ಒಪ್ಪಿದವರ ನೆನಪು ಅವರ ತಲೆಯಲ್ಲಿತ್ತು, ಮುಖ ಮಾತ್ರ ಅದಲುಬದಲಾಗಿತ್ತು. ನಾನು ಅವತ್ತು ಸೂಜಿಯಿಂದ ತಲೆಯೆತ್ತಿ, “ಇದನ್ನ ನನಗ್ಯಾಕೆ ಹೇಳ್ತೀರಿ, ಈಗಲೇ ಅವರಿಗೆ ಫೋನ್ ಮಾಡಿ” ಎಂದಿದ್ದರೆ ಸಾಕಿತ್ತು.

ಇದು ನನಗೆ ತಿಳಿದು ಐದು ವಾರವಾಯಿತು. ಬರೆಯಲು ಕೈ ಏಳಲಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿರುವವರು ಇಷ್ಟು ತಿಂಗಳಿಂದ ಒಂದು ತಪ್ಪನ್ನೂ ಮಾಡಿರಲಿಲ್ಲ. ಅವರಿಂದ ಒಬ್ಬರ ಕೆಲಸ ಹೋಯಿತು, ನೆಮ್ಮದಿ ಹೋಯಿತು ಎಂದು ನನ್ನ ಕೈಯಾರೆ ಬರೆಯಬೇಕಿತ್ತು. ದಿನಾ ಸಂಜೆ ಫೋಟೋ ಒರೆಸಿ ನಾಳೆ ಬರೆಯುತ್ತೇನೆ ಎಂದುಕೊಳ್ಳುತ್ತಿದ್ದೆ.

ಇನ್ನೊಂದು ಹೇಳಬೇಕು. ನೀವು ಹೋದ ಮೇಲೆ ಅವರು ಬೇರೆ ಜೊತೆಗಾರನನ್ನು ಹುಡುಕಲಿಲ್ಲ. ಶನಿವಾರ ಮೂರೂವರೆಗೆ ಕೋಟು ಹಾಕಿಕೊಂಡು ಬಾಲ್ಕನಿಯಲ್ಲಿ ಬಸ್ ನಿಲ್ದಾಣದ ಕಡೆ ನೋಡುತ್ತಾ ಕೂರುತ್ತಿದ್ದರು. ಐದಕ್ಕೆ ಕೋಟು ಬಿಚ್ಚುತ್ತಿದ್ದರು. “ಹೋಗಿ ಮಾತಾಡಿಸಬಾರದಾ?” ಎಂದರೆ, “ಅವನೇ ಬರ್ಲಿ” ಅನ್ನುತ್ತಿದ್ದರು. ಗಂಡಸರ ಹಟ ಎಂದು ನಾನು ಒಳಗೆ ಹೋಗುತ್ತಿದ್ದೆ.

ನೋಟ್‌ಬುಕ್ಕನ್ನೂ ದಿನಚರಿಯ ಆ ಹಾಳೆಯನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ನನ್ನ ಮಾತನ್ನಷ್ಟೇ ನಂಬಬೇಡಿ, ನೀವೇ ನೋಡಿ. ದಿನಚರಿಯಿಂದ ಹಾಳೆ ಹರಿದದ್ದು ಇದೇ ಮೊದಲು.

ಇಂತಿ,
ಹೂಂ ಅಂದವಳು

*

ಏಪ್ರಿಲ್ 6

ಅತ್ತಿಗೆಗೆ,

ಪತ್ರ ಓದುತ್ತಾ ಗಟ್ಟಿಯಾಗಿ ಕೂಗಿಬಿಟ್ಟೆ. ತಂಗಿ ಓಡಿ ಬಂದು, “ಏನಾಯ್ತೋ? ಯಾರಾದ್ರೂ ಹೋದ್ರಾ?” ಎಂದಳು.

“ಇಲ್ಲ. ನನ್ನ ತಲೆ ನೆಟ್ಟಗಿದ್ಯಂತೆ.”

“ಅದನ್ನ ಹೇಳೋಕೆ ಅಂಚೆಯವ್ನು ಬರ್ಬೇಕಾಯ್ತಾ? ನಾನು ಎರಡು ವರ್ಷದಿಂದ ಬಡ್ಕೋತಿಲ್ವಾ? ನನ್ನ ಮದ್ವೇಲಿ ಯಾರ್ಯಾರು ಏನೇನು ಉಡುಗೊರೆ ಕೊಟ್ರು ಅಂತ ಇವತ್ತಿಗೂ ಒಪ್ಪಿಸ್ತೀಯ, ನಿನಗೆಂಥಾ ಮರೆವು!” ಎಂದು ಬೈದು ಒಳಗೆ ಹೋದಳು. ಅಡುಗೆಮನೆಯಲ್ಲಿ ಮೂಗು ಸೀನಿದ್ದು ಕೇಳಿಸಿತು.

ಸುಳ್ಳು ಹೇಳುವುದಿಲ್ಲ, ನಿಮ್ಮ ಮೇಲೆ ಸಿಟ್ಟು ಬಂತು. ಐದು ವಾರ! ಎರಡು ದಿನ ಸಿಟ್ಟು ಮಾಡಿಕೊಂಡೆ. ಮೂರನೆಯ ದಿನ ಆ ಖಾಲಿ ಗೆರೆಯನ್ನು ನೋಡುತ್ತಾ ಕೂತೆ. ಸಹಿಯ ರೂಢಿ ಮಾಡಿದ್ದೇ ನಾನು. ಲಿಫ್ಟ್ ಕೆಲಸದಲ್ಲಿ ಸಹಿ ಇಲ್ಲದೆ ಒಂದು ನಟ್ಟು ಬಿಚ್ಚುವ ಹಾಗಿಲ್ಲ. ಅಂಥವನು ಅವತ್ತು “ತಗೊಂಡು ಬಾ ಪುಸ್ತಕ, ಎಲ್ಲಿದೆ ನನ್ನ ಸಹಿ?” ಎಂದು ಕೇಳಲಿಲ್ಲ. ಅವನು ಬದುಕಿದ್ದಷ್ಟು ದಿನವೂ ಕೇಳಲಿಲ್ಲ. ಪುಸ್ತಕ ತೆರೆದು, ಸಹಿ ಇದ್ದುಬಿಟ್ಟರೆ? ಆ ಹೆದರಿಕೆ. ನಿಮಗೆ ಐದು ವಾರ, ನನಗೆ ಒಂದೂವರೆ ವರ್ಷ. ಅವನು ಬಾಲ್ಕನಿಯಲ್ಲಿ, ನಾನು ಇಲ್ಲಿ ಗಿಡಗಳ ನಡುವೆ. ಇಬ್ಬರೂ ಪಾಸ್, ಪಾಸ್ ಎಂದುಕೊಂಡು ಕೂತೆವು.

ಅವನ ಮೇಲೆ ನಿಮಗೆ ಬೇಸರ ಬೇಡ. ಅವನ ಯೋಚನೆ ಸರಿಯಾಗಿಯೇ ಇತ್ತು. ಆ ಜಾಗದಲ್ಲಿ ಹೊಡೆಯುವಂಥ ಎಲೆ ವರ್ಷಕ್ಕೊಮ್ಮೆ ಬರುತ್ತದೆ, ಆರಿಸು ಎಂದು ಕೇಳುವಂಥ ಎಲೆ ವಾರವಾರವೂ ಬರುತ್ತದೆ. ಸಿಗದ ಬೇಟೆಗೆ ಆ ಡಬಲ್ಲನ್ನು ಇಪ್ಪತ್ತೆರಡು ವರ್ಷ ಕಾದಿಟ್ಟಿದ್ದೆವು. ಮಾತ್ರೆಯಪ್ಪ ನುಗ್ಗಿದ ಆ ಆಟದಲ್ಲಿ ನಾನು ಮೂರು ಕಳಾವರ್ ಎಂದಿದ್ದರೆ ಗೆಲ್ಲುತ್ತಿದ್ದೆವು. ನಿನ್ನೆ ಎಲೆ ಹರಡಿ ಹದಿಮೂರು ಪಟ್ಟೂ ಆಡಿ ನೋಡಿದೆ. ನಾಲ್ವರ ಎಲೆಗಳೂ ನನಗೆ ನೆನಪಿದ್ದವು. ಐವತ್ತೆರಡೂ! ಅದು ಗೊತ್ತಾದಾಗ ಎಲೆ ಕೆಳಗಿಟ್ಟು ಒಂದಿಷ್ಟು ಹೊತ್ತು ಅಂಗಳದಲ್ಲಿ ಓಡಾಡಿದೆ.

ಡಾಕ್ಟರ ಹತ್ತಿರವೂ ಹೋಗಿ ಬಂದೆ. ಎರಡು ವರ್ಷದ ಹಿಂದೆಯೇ ಹೋಗಬೇಕಾಗಿದ್ದ ಜಾಗ. ಒಂದು ಗಂಟೆ ಪ್ರಶ್ನೆ ಕೇಳಿದರು, ಚಿತ್ರ ಬರೆಸಿದರು. ವಯಸ್ಸಿಗೆ ತಕ್ಕಷ್ಟು ಇದೆ, ಅಷ್ಟೇ ಎಂದರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತೇನೆ ಎಂದೆ. ನಾನೂ ಹುಡುಕುತ್ತೇನೆ ಎಂದರು.

ಖಾಲಿ ಗೆರೆಯ ಮೇಲೆ ಸಹಿ ಹಾಕಿದ್ದೇನೆ. ಇವತ್ತಿನ ತಾರೀಖನ್ನೇ ಹಾಕಿದೆ. ಮುಂದಿನ ಪುಟದಲ್ಲಿ ಹೊಸ ಒಪ್ಪಂದ ಬರೆದು ನಿಮ್ಮ ಸಹಿಗೆ ಗೆರೆ ಎಳೆದಿದ್ದೇನೆ. ಹದಿನೆಂಟರ ಶನಿವಾರ ಆಟಕ್ಕೆ ಬರುತ್ತೇನೆ, ಅಷ್ಟರಲ್ಲಿ ನಿಧಾನವಾಗಿ ಓದಿ. ತಿಳಿಯದಿದ್ದರೆ ಕೇಳಿ. ಸುಮ್ಮನೆ ಹೂಂ ಅನ್ನಬೇಡಿ.

ನನ್ನ ಪೆಟ್ಟಿಗೆ ಇಟ್ಟುಕೊಂಡವನಿಗೆ ಅದನ್ನು ವಾಪಸ್ ಕೇಳಲು ಫೋನ್ ಮಾಡಿದೆ. “ಸೊಂಟ ಹೆಂಗಿದೆ ಗುರುಗಳೇ?” ಎಂದ. “ಸೊಂಟಕ್ಕೇನಾಗಿತ್ತು?” ಎಂದುಬಿಟ್ಟೆ. ಆಮೇಲೆ ನೆನಪಾಯಿತು. ಮರೆವಲ್ಲ ಅತ್ತಿಗೆ, ಸುಳ್ಳಿನ ಹಣೆಬರಹವೇ ಅದು.

ಇಂತಿ,
ಲಿಫ್ಟು

*

ಏಪ್ರಿಲ್ 17, ಶುಕ್ರವಾರ

ಲಿಫ್ಟಿನವರಿಗೆ,

ಸಂಜೆ ಏಳು. ಇವತ್ತು ಎಂಟು ಪ್ಯಾಂಟು, ಎರಡು ಕೋಟು, ಒಂದು ಪರದೆ. ಮಧ್ಯಾಹ್ನ ಮಾತ್ರೆಯಮ್ಮ ಬಂದು ಹೋದರು. ನೀವು ಬರುವ ಸುದ್ದಿ ಅವರಿಗೆ ಯಾರು ಹೇಳಿದರೋ. “ನೀವಿಬ್ರೂ ಜೋಡಿಯಂತೆ? ನಮ್ಮನೆಯವ್ರು ಬೆಳಿಗ್ಗೆಯಿಂದ ಗಡ್ಡ ಕೆರ್ಕೋತಾ ಕೂತಿದ್ದಾರೆ. ಹೊಸಬ್ರು ಅಂತ ನಿಮ್ಗೆ ಏನೂ ಬಿಡಲ್ಲ ಕಣ್ರೀ, ನುಗ್ಗೇ ನುಗ್ತಾರೆ” ಎಂದರು. ನುಗ್ಗಲಿ ಎಂದೆ.

ನೋಟ್‌ಬುಕ್ ಬಂದು ಒಂದು ವಾರವಾಯಿತು. ಹೊಸ ಪುಟವನ್ನು ದಿನಾ ಓದಿದೆ. ಮೂರು ಕಡೆ ತಿಳಿಯಲಿಲ್ಲ, ಅಂಚಿನಲ್ಲಿ ಪ್ರಶ್ನೆ ಬರೆದಿದ್ದೇನೆ. ಉತ್ತರ ಕೊಟ್ಟ ಮೇಲೆ ನಿಮ್ಮ ಮುಂದೆಯೇ ಸಹಿ ಹಾಕುತ್ತೇನೆ, ಅಲ್ಲಿಯವರೆಗೆ ಗೆರೆ ಖಾಲಿ ಇರಲಿ. ಆದ್ದರಿಂದ ಈ ಪತ್ರವನ್ನೂ ಅಂಚೆಗೆ ಹಾಕುವುದಿಲ್ಲ, ಪುಸ್ತಕದೊಳಗಿಟ್ಟು ಕೈಗೇ ಕೊಡುತ್ತೇನೆ.

ಅವರ ಕೋಟನ್ನು ಬೀರುವಿನಿಂದ ತೆಗೆದು ತೋಳು ಎರಡೂವರೆ ಇಂಚು ಗಿಡ್ಡ ಮಾಡಿ, ಭುಜ ಒಳಕ್ಕೆ ಹಿಡಿದೆ. ಈಗ ನನಗೆ ಸರಿಯಾಗಿದೆ. ಜೇಬಿನಲ್ಲಿ ಒಂದು ಸಣ್ಣ ಸ್ಕ್ರೂ ಸಿಕ್ಕಿತು. ಅಲ್ಲೇ ಬಿಟ್ಟಿದ್ದೇನೆ. ಫೋಟೋದ ಮುಂದೆ ನಿಂತು ಒಪ್ಪಂದವನ್ನು ಗಟ್ಟಿಯಾಗಿ ಓದಿ ಹೇಳಿದೆ. ಮೊದಲು ಅವರು ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಇವತ್ತು ನಾನು ಹೇಳಿದೆ.

ಕ್ಲಬ್ಬಿನ ಲಿಫ್ಟಿನ ಮೇಲಿರುವ ಮೋಟಾರಿನ ಕೋಣೆಯ ಬೀಗದ ಕೈಯನ್ನು ಕಾವಲುಗಾರ ನನ್ನ ಹತ್ತಿರ ಕೊಟ್ಟಿದ್ದಾನೆ. ನಾಳೆ ಆಟ ನಾಲ್ಕಕ್ಕೆ. ನೀವೂ ನಿಮ್ಮ ಪೆಟ್ಟಿಗೆಯೂ ಒಂದೂ ಇಪ್ಪತ್ತರ ಬಸ್ಸಿಗೆ ಬರುತ್ತೀರಿ.

ಇಂತಿ,
ನಿಮ್ಮ ಜೊತೆಗಾರ್ತಿ